ಕಾಪರ್‌ಬ್ಯಾಂಡ್ ಏನೂ ತಿನ್ನುತ್ತಿಲ್ಲವೇ? ಫುಡ್ ಬದಲಿಸುವ ಮುಂಚೆ ಇಷ್ಟು ನೋಡಿ

ಉಪ್ಪುನೀರಿನ ಮೀನು ತಿನ್ನುವುದು ಬಿಟ್ಟರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂಗಡಿಗೆ ಓಡಿ ಬೇರೆ ಫುಡ್ ತರುವುದು. ಎರಡೇ ದಿನದಲ್ಲಿ ಟ್ಯಾಂಕಿನ ಮೂಲೆಯಲ್ಲಿ ನಾಲ್ಕು ಬಗೆಯ ಫುಡ್ ಕೊಳೆಯುತ್ತಿರುತ್ತದೆ, ಅಮೋನಿಯ ಏರಿರುತ್ತದೆ, ಮೀನಿಗೆ ತಿನ್ನದಿರಲು ಇನ್ನೊಂದು ಕಾರಣ ಸಿಕ್ಕಿರುತ್ತದೆ. ನೋಡಬೇಕಾದ ಕ್ರಮ ಬೇರೆ: ಮೊದಲು ಉಸಿರಾಟ, ಆಮೇಲೆ ನೀರು, ಆಮೇಲೆ ಜೊತೆಯಲ್ಲಿರುವ ಮೀನುಗಳು, ಕೊನೆಗೆ ಫುಡ್.

ಇಲ್ಲಿ ಕಾಪರ್‌ಬ್ಯಾಂಡ್ ಬಟರ್‌ಫ್ಲೈಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಊಟದ ವಿಷಯದಲ್ಲಿ ಇಷ್ಟು ಹಟ ಮಾಡುವ ಮೀನುಗಳು ಕಡಿಮೆ. ಇದನ್ನು ತಿನ್ನಿಸಲು ಕಲಿತವರಿಗೆ ಉಳಿದವು ಸುಲಭ. ಉದ್ದ ಮೂತಿಯಿಂದ ಬಂಡೆಯ ಸಂದುಗಳಲ್ಲಿನ ಹುಳು, ಸಣ್ಣ ಸಿಗಡಿಯಂಥ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು ಇದು. ಮಾರಾಟಕ್ಕೆ ಬರುವುದು ಬಹುಮಟ್ಟಿಗೆ ಸಮುದ್ರದಲ್ಲಿ ಹಿಡಿದದ್ದೇ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಮರಿಯಿಂದಲೇ ಪೆಲೆಟ್ ತಿಂದು ಬೆಳೆದಿರುತ್ತದೆ. ಕಾಪರ್‌ಬ್ಯಾಂಡ್‌ಗೆ ನೀರಿನಲ್ಲಿ ತೇಲುವ ಪೆಲೆಟ್ ಆಹಾರ ಅನ್ನುವುದೇ ತಿಳಿದಿರುವುದಿಲ್ಲ.

ಎಷ್ಟು ದಿನ ಕಾಯಬಹುದು?

ಹೊಸದಾಗಿ ತಂದ ಮೀನು ಎರಡು ಮೂರು ದಿನ ತಿನ್ನದಿದ್ದರೆ ಗಾಬರಿ ಬೇಡ. ಲಯನ್‌ಫಿಶ್, ಗ್ರೂಪರ್, ಈಲ್‌ನಂಥ ಬೇಟೆಗಾರ ಮೀನುಗಳು ವಾರ ಕಳೆದರೂ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಆರೋಗ್ಯವಾಗಿಯೇ ಇರುತ್ತವೆ. ಆಂಥಿಯಾಸ್, ಟ್ಯಾಂಗ್, ಬಟರ್‌ಫ್ಲೈಗಳಿಗೆ ಅಷ್ಟು ಸಮಯವಿಲ್ಲ. ಅವು ದಿನವಿಡೀ ಮೇಯುವ ಮೀನುಗಳು, ಮೈಯಲ್ಲಿ ಉಳಿತಾಯ ಕಡಿಮೆ. ನಾಲ್ಕನೇ ದಿನದ ಹೊತ್ತಿಗೆ ಒಂದಾದರೂ ತುತ್ತು ಹೋಗಿರಬೇಕು.

ಮೀನನ್ನು ಪಕ್ಕದಿಂದ ಮಾತ್ರವಲ್ಲ, ಎದುರಿನಿಂದಲೂ ನೋಡಿ. ಹೊಟ್ಟೆ ಒಳಕ್ಕೆ ಹೋಗಿದ್ದರೆ ಇನ್ನೂ ಕೆಲವು ದಿನಗಳಿವೆ. ಕಣ್ಣಿನ ಮೇಲ್ಭಾಗದಿಂದ ಬೆನ್ನಿನ ಕಡೆಗೆ ಮಾಂಸ ಕರಗಿ, ತಲೆ ಮೈಗಿಂತ ದಪ್ಪವಾಗಿ ಕಾಣತೊಡಗಿದರೆ ದೇಹ ತನ್ನ ಸ್ನಾಯುವನ್ನೇ ತಿನ್ನುತ್ತಿದೆ ಎಂದರ್ಥ. ಆ ಹಂತದ ಮೀನನ್ನು ಅಂಗಡಿಯಲ್ಲಿ ಕಂಡರೆ ಕನಿಕರಪಟ್ಟು ಕೊಳ್ಳಬೇಡಿ.

ಉಸಿರಾಟ

ಮೀನು ಒಂದೆಡೆ ನಿಂತಾಗ ಕಿವಿರಿನ ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಎಂದು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 80ರ ಆಸುಪಾಸು ಇದ್ದರೆ ಸಾಮಾನ್ಯ. 120 ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಿದೆ ಅಥವಾ ಕಿವಿರಿನಲ್ಲಿ ತೊಂದರೆಯಿದೆ. ಏದುಸಿರು ಬಿಡುವ ಮೀನಿಗೆ ಊಟದ ಯೋಚನೆ ಬರುವುದಿಲ್ಲ.

ಏದುಸಿರಿನ ಜೊತೆಗೆ ನೀರು ತಿರುಗಿಸುವ ಪಂಪ್ ಆದ ಪವರ್‌ಹೆಡ್‌ನ ಹರಿವಿನಲ್ಲೇ ನಿಲ್ಲುವುದು, ಬೆಳಕಿಗೆ ಹೆದರುವುದು, ಮೈಮೇಲೆ ಧೂಳು ಕೂತಂಥ ಮಂಕು ಕಂಡರೆ ಅದು ವೆಲ್ವೆಟ್ ರೋಗ ಆಗಿರಬಹುದು. ಇದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಅಂದೇ ಮೀನನ್ನು ಬೇರೆ ಮಾಡಿ ಔಷಧಿ ಶುರು ಮಾಡಬೇಕು. ರವೆಯಂಥ ಬಿಳಿ ಚುಕ್ಕೆಗಳಿದ್ದರೆ ಇಕ್ ಎಂಬ ಪರಾವಲಂಬಿ ರೋಗ. ಎರಡಕ್ಕೂ ತಾಮ್ರದ ಔಷಧಿ ಕೆಲಸ ಮಾಡುತ್ತದೆ, ಆದರೆ ತಾಮ್ರವೇ ಹಸಿವನ್ನು ಕುಂದಿಸುತ್ತದೆ. ಆದ್ದರಿಂದ ತಿನ್ನದ ಕಾಪರ್‌ಬ್ಯಾಂಡ್‌ಗೆ ‘ಇರಲಿ, ಮುನ್ನೆಚ್ಚರಿಕೆಗೆ’ ಎಂದು ತಾಮ್ರ ಹಾಕಬೇಡಿ. ರೋಗ ಕಣ್ಣಿಗೆ ಕಂಡಾಗ ಮಾತ್ರ, ತಾಮ್ರದ ಟೆಸ್ಟ್ ಕಿಟ್ ಕೈಯಲ್ಲಿದ್ದರೆ ಮಾತ್ರ ಹಾಕಿ. ಬಾಟಲಿಯ ಮೇಲಿನ ಪ್ರಮಾಣವನ್ನು ಒಂದೇ ದಿನಕ್ಕೆ ಮುಟ್ಟಿಸದೆ ಎರಡು ಮೂರು ದಿನಗಳಲ್ಲಿ ಏರಿಸಿ. ಇನ್ನೊಂದು ಎಚ್ಚರಿಕೆ: ಅಮೋನಿಯ ಕಟ್ಟಿಹಾಕುವ ಕಂಡೀಷನರ್‌ಗಳನ್ನು ಕೆಲವು ತಾಮ್ರದ ಔಷಧಿಗಳ ಜೊತೆ ಬಳಸಿದರೆ ತಾಮ್ರ ಇನ್ನಷ್ಟು ವಿಷವಾಗುತ್ತದೆ. ಎರಡೂ ಬಾಟಲಿಗಳ ಸೂಚನೆ ಓದಿ.

ಚುಕ್ಕೆಯೇನೂ ಇಲ್ಲ, ಆದರೆ ಮೀನು ಬಂಡೆಗೆ ಮೈ ಉಜ್ಜುತ್ತದೆ, ಕಣ್ಣು ಮಂಜಾಗಿದೆ ಅಂದರೆ ಫ್ಲೂಕ್ ಎಂಬ ಹುಳುವಿನ ಅನುಮಾನ. ಬಟರ್‌ಫ್ಲೈಗಳಲ್ಲಿ ಇದು ಸಾಮಾನ್ಯ. ಪತ್ತೆಗೆ ಸಿಹಿನೀರಿನ ಸ್ನಾನ ಮಾಡಿಸಿ. ಕಡುಬಣ್ಣದ ತಳವಿರುವ ಪಾತ್ರೆಯಲ್ಲಿ ಆರ್‌ಒ ನೀರು ತೆಗೆದುಕೊಂಡು, ಟ್ಯಾಂಕಿನದೇ ತಾಪಮಾನಕ್ಕೆ ತನ್ನಿ. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತಾ ಪಿಎಚ್ ಅನ್ನು 8.2ರ ಹತ್ತಿರ ತಂದು, ಅರ್ಧ ಗಂಟೆ ಏರ್‌ಸ್ಟೋನ್ ಓಡಿಸಿ. ಮೀನನ್ನು 3ರಿಂದ 5 ನಿಮಿಷ ಅದರಲ್ಲಿ ಬಿಡಿ. ಒದ್ದಾಡಿದರೆ ತಕ್ಷಣ ತೆಗೆಯಿರಿ. ಫ್ಲೂಕ್ ಇದ್ದರೆ ಪಾರದರ್ಶಕವಾಗಿದ್ದ ಹುಳುಗಳು ಬೆಳ್ಳಗಾಗಿ, ಎಳ್ಳಿನ ಗಾತ್ರದ ಪೊರೆಗಳಂತೆ ತಳಕ್ಕೆ ಉದುರುತ್ತವೆ. ಕಂಡರೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ, ಆರೇಳು ದಿನ ಬಿಟ್ಟು ಮತ್ತೊಮ್ಮೆ. ಎರಡನೆಯ ಸಲ ಯಾಕೆಂದರೆ ಔಷಧಿ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಈ ಔಷಧಿ ನೀರಿನಲ್ಲಿರುವಾಗ ಏರ್‌ಪಂಪ್ ನಿಲ್ಲಬಾರದು.

ನೀರು, ಅದರಲ್ಲೂ ಉಪ್ಪು

ಅಮೋನಿಯ, ನೈಟ್ರೈಟ್ ಸೊನ್ನೆ, ತಾಪಮಾನ 25–26 ಡಿಗ್ರಿ, ಪಿಎಚ್ 8.1ರಿಂದ 8.4. ಇದು ಎಲ್ಲರಿಗೂ ಗೊತ್ತು. ಎಡವುವುದು ಉಪ್ಪಿನಂಶದಲ್ಲಿ. ಪರಾವಲಂಬಿಗಳ ಕಾಟ ತಗ್ಗಲಿ, ಉಪ್ಪಿನ ಖರ್ಚೂ ಉಳಿಯಲಿ ಎಂದು ಹಲವು ಅಂಗಡಿಗಳು ಸ್ಪೆಸಿಫಿಕ್ ಗ್ರಾವಿಟಿಯನ್ನು (ಉಪ್ಪಿನಂಶದ ಅಳತೆ) 1.018–1.020ರಲ್ಲಿ ಇಟ್ಟಿರುತ್ತವೆ. ಮನೆಯಲ್ಲಿ 1.025. ಅರ್ಧ ಗಂಟೆ ಡ್ರಿಪ್ ಮಾಡಿ, ಅಂದರೆ ಮನೆಯ ನೀರನ್ನು ಹನಿಹನಿಯಾಗಿ ಬೆರೆಸಿ, ಬಿಟ್ಟರೆ ಮೀನಿನ ಮೈಯಿಂದ ನೀರು ಹೊರಗೆ ಸೆಳೆಯಲ್ಪಡುತ್ತದೆ. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ತಿನ್ನುವುದಿಲ್ಲ, ಮೂರನೆಯ ನಾಲ್ಕನೆಯ ದಿನ ಸಾಯುತ್ತದೆ, ಕಾರಣವೇ ತಿಳಿಯುವುದಿಲ್ಲ. ಕೊಳ್ಳುವಾಗಲೇ ಅಂಗಡಿಯ ನೀರನ್ನು ಅಳೆದು, ಹೊಸ ಮೀನನ್ನು ಮೊದಲು ಬೇರೆಯಾಗಿಡುವ ಕ್ವಾರಂಟೈನ್ ಟ್ಯಾಂಕನ್ನು ಅದೇ ಅಂಕಿಗೆ ಇಟ್ಟುಕೊಳ್ಳಿ. ದಿನಕ್ಕೆ 0.002ಕ್ಕಿಂತ ಹೆಚ್ಚು ಏರಿಸಬೇಡಿ. ಇಳಿಸುವಾಗ ಇಷ್ಟು ಭಯವಿಲ್ಲ, ಏರಿಸುವುದೇ ಅಪಾಯ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ) ಕ್ಯಾಲಿಬ್ರೇಷನ್ ದ್ರವದಲ್ಲೂ ಪರೀಕ್ಷಿಸಿ.

ಬೆಂಗಳೂರಿನ ಏಪ್ರಿಲ್–ಮೇನಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದ ಟ್ಯಾಂಕ್ 30 ಡಿಗ್ರಿ ಮುಟ್ಟುವುದು ಕಷ್ಟವಲ್ಲ, ಮಂಗಳೂರಿನಲ್ಲಂತೂ ಕೇಳಲೇಬೇಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿನ ದೇಹ ಸುಡುವ ಶಕ್ತಿ ಜಾಸ್ತಿ. ಉಪವಾಸವಿರುವ ಮೀನಿಗೆ ಎರಡೂ ಕೆಡುಕೇ. ಚಿಲ್ಲರ್ ಇಲ್ಲದಿದ್ದರೆ ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಬಿಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ಆರ್‌ಒ ನೀರು ದಿನವೂ ತುಂಬಿಸಿ, ಇಲ್ಲದಿದ್ದರೆ ಉಪ್ಪು ಏರುತ್ತದೆ. ಕರೆಂಟ್ ಹೋಗುವ ಕಡೆ ಬ್ಯಾಟರಿ ಏರ್‌ಪಂಪ್ ಇರಲೇಬೇಕು.

ಕಾಟ ಕೊಡುವವರು

ಫುಡ್ ಹಾಕಿದಾಗ ಹತ್ತಿರ ಬಂದು, ಇನ್ನೊಂದು ಮೀನು ಕಂಡೊಡನೆ ಬಂಡೆಯ ಹಿಂದೆ ಸರಿಯುತ್ತದೆಯೇ? ಹಾಗಿದ್ದರೆ ಹಸಿವಿದೆ, ಧೈರ್ಯವಿಲ್ಲ. ಟ್ಯಾಂಗ್, ಡ್ಯಾಮ್ಸೆಲ್, ಡಾಟಿಬ್ಯಾಕ್‌ಗಳು ಕಚ್ಚದೆ, ಬರೀ ಎದುರು ನಿಂತೇ ಹೊಸಬನನ್ನು ಉಪವಾಸ ಕೆಡವಬಲ್ಲವು. ಮನೆಯವರು ಎದುರಿಗೆ ಬಂದು ನಿಂತಾಗ ಎಲ್ಲ ಮೀನುಗಳೂ ಫುಡ್‌ಗಾಗಿ ಮುಂದಕ್ಕೆ ಬಂದು ಸಾಧುಗಳಂತೆ ಇರುತ್ತವೆ. ಆದ್ದರಿಂದ ಮೊಬೈಲನ್ನು ಟ್ಯಾಂಕಿನ ಮುಂದೆ ನಿಲ್ಲಿಸಿ ಅರ್ಧ ಗಂಟೆ ವಿಡಿಯೊ ಮಾಡಿ ನೋಡಿ. ಟ್ಯಾಂಗ್ ಕಾಟವಾದರೆ ಗಾಜಿನ ಹೊರಗೆ ಒಂದು ಕನ್ನಡಿ ಅಂಟಿಸಿ. ಅದು ತನ್ನ ಪ್ರತಿಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇದು ಕೆಲವು ದಿನಕ್ಕಷ್ಟೇ. ನಿಜವಾದ ಪರಿಹಾರ ಹೊಸ ಮೀನಿಗೆ ಪ್ರತ್ಯೇಕ ಟ್ಯಾಂಕ್.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. 80 ಲೀಟರಿನ ಟ್ಯಾಂಕ್, ಹೀಟರ್, ಮುಖ್ಯ ಟ್ಯಾಂಕಿನ ಸಂಪಿನಲ್ಲಿ (ಫಿಲ್ಟರ್ ತೊಟ್ಟಿಯಲ್ಲಿ) ನಾಲ್ಕು ವಾರ ಇಟ್ಟು ಬ್ಯಾಕ್ಟೀರಿಯ ಹಿಡಿಸಿದ ಸ್ಪಾಂಜ್ ಫಿಲ್ಟರ್, ಅಡಗಲು ಎರಡು ಮೂರು ಪಿವಿಸಿ ಎಲ್ಬೋ. ಮೂರು ಬದಿಗೆ ಕಪ್ಪು ಕಾಗದ ಹಚ್ಚಿ. ಮೊದಲ ದಿನ ಲೈಟ್ ಬೇಡ, ಕೋಣೆಯ ಬೆಳಕು ಸಾಕು. ದಿನವೂ ಅಮೋನಿಯ ನೋಡಿ, 0.25 ಪಿಪಿಎಂ ಕಂಡರೆ ಅದೇ ಉಪ್ಪಿನಂಶದ ಹೊಸ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ.

ಈಗ ಫುಡ್

ಕಾಪರ್‌ಬ್ಯಾಂಡ್‌ಗೆ ಮೊದಲ ತುತ್ತು ಕೊಡಲು ಚಿಪ್ಪಿನೊಳಗಿನ ಹಸಿ ಮಾಂಸಕ್ಕೆ ಸಾಟಿಯಿಲ್ಲ. ಕರಾವಳಿಯ ಕನ್ನಡಿಗರಿಗೆ ಇದು ಅದೃಷ್ಟ: ಮೀನು ಮಾರ್ಕೆಟ್ಟಿನ ಮರುವಾಯಿಯೇ ಸಾಕು. ಘಟ್ಟದ ಮೇಲಿನವರು ದೊಡ್ಡ ಮೀನಂಗಡಿಗಳಲ್ಲಿ ಕಪ್ಪೆಚಿಪ್ಪು ಎಂದು ಕೇಳಿ. ಬಾಯಿ ಬಿಗಿಯಾಗಿ ಮುಚ್ಚಿರುವ, ಇಲ್ಲವೇ ತಟ್ಟಿದೊಡನೆ ಮುಚ್ಚಿಕೊಳ್ಳುವವನ್ನು ಆರಿಸಿ. ತಟ್ಟಿದರೂ ಬಾಯಿ ಮುಚ್ಚದ್ದು ಸತ್ತದ್ದು. ಎರಡು ಗಂಟೆ ಅಕ್ವೇರಿಯಂ ಉಪ್ಪುನೀರಿನಲ್ಲಿ ಇಟ್ಟರೆ ಮರಳು ಉಗುಳುತ್ತವೆ. ಚಿಪ್ಪುಗಳ ನಡುವೆ ಸಣ್ಣ ಚಾಕು ತೂರಿಸಿ ತೆರೆದು, ಮಾಂಸವನ್ನೆಲ್ಲ ಒಂದು ಚಿಪ್ಪಿನಲ್ಲೇ ಉಳಿಸಿ, ಮೇಲೆ ನಾಲ್ಕೈದು ಗೀರು ಹಾಕಿ. ರಸ ನೀರಿಗೆ ಬಿಡಬೇಕು. ಮೀನನ್ನು ಕರೆಯುವುದು ಆ ವಾಸನೆಯೇ. ಮೀನು ಹೆಚ್ಚಾಗಿ ಕುಟುಕಾಡುವ ಜಾಗದಲ್ಲಿ, ಎಲ್ಬೋದ ಬಾಯಿಗೆ ಚಿಪ್ಪನ್ನು ಓರೆಯಾಗಿ ಸಿಕ್ಕಿಸಿ ದೂರ ಸರಿಯಿರಿ.

ಮೊದಲು ಸುತ್ತು ಹಾಕುತ್ತದೆ. ಮೈ ವಾಲಿಸಿ ಒಂದೇ ಕಣ್ಣಿನಿಂದ ನೋಡುತ್ತದೆ. ಮೂತಿ ತಾಗಿಸಿ ಹಿಂದೆ ಸರಿಯುತ್ತದೆ, ಒಂದು ಎಳೆ ಕಿತ್ತು ಉಗುಳುತ್ತದೆ. ಉಗುಳಿದರೆ ಬೇಸರ ಬೇಡ, ಅದು ಒಳ್ಳೆಯ ಸೂಚನೆ. ಮರುದಿನ ನುಂಗುವ ಸಾಧ್ಯತೆಯಿದೆ. ನಾಲ್ಕೈದು ದಿನವೂ ಬರೀ ಉಗುಳುತ್ತಲೇ ಇದ್ದರೆ ಮೂತಿಯ ತುದಿಯನ್ನು ಗಮನಿಸಿ, ಬಲೆಗೆ ಸಿಕ್ಕಿ ಗಾಯವಾಗಿರಬಹುದು. ಈ ಮೀನನ್ನು ಬಲೆಯ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಬೇಕು ಅನ್ನುವುದು ಅದಕ್ಕೇ. ಎರಡು ಗಂಟೆಯಾದ ಮೇಲೆ ಚಿಪ್ಪನ್ನು ತೆಗೆದುಬಿಡಿ.

ಹಸಿ ಚಿಪ್ಪಿನಲ್ಲಿ ರೋಗಾಣು ಬರುವ ಭಯ ಇದ್ದೇ ಇದೆ. ಮೀನು ತಿನ್ನಲು ಶುರುಮಾಡಿದ ಮೇಲೆ, ತೆರೆದ ಚಿಪ್ಪುಗಳನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ಬಳಸಿ. ಹಲವು ಪರಾವಲಂಬಿಗಳು ಅಲ್ಲೇ ಸಾಯುತ್ತವೆ, ಬ್ಯಾಕ್ಟೀರಿಯ ಸಾಯುವುದಿಲ್ಲ. ಚಿಪ್ಪಿನ ಮಾಂಸವೊಂದನ್ನೇ ತಿಂಗಳುಗಟ್ಟಲೆ ಕೊಡುವುದೂ ತಪ್ಪು. ಅದರಲ್ಲಿ ವಿಟಮಿನ್ ಬಿ1 ನಾಶಮಾಡುವ ತಯಾಮಿನೇಸ್ ಎಂಬ ಕಿಣ್ವ ಇರುತ್ತದೆ.

ಆದ್ದರಿಂದ ಗುರಿ ಮೈಸಿಸ್ ಸಿಗಡಿ. ಫ್ರೋಜನ್ ಕ್ಯೂಬನ್ನು ಲೋಟದಲ್ಲಿ ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ಬಸಿಯಿರಿ. ಆ ನೀರಿನಲ್ಲಿರುವ ಫಾಸ್ಫೇಟ್ ಟ್ಯಾಂಕಿಗೆ ಬೇಡ. ಖಾಲಿ ಚಿಪ್ಪಿನೊಳಗೆ ಸಣ್ಣಗೆ ಕೊಚ್ಚಿದ ಮರುವಾಯಿ ಜೊತೆ ನಾಲ್ಕೈದು ಮೈಸಿಸ್ ಒತ್ತಿ ಇಡಿ. ದಿನದಿಂದ ದಿನಕ್ಕೆ ಮರುವಾಯಿ ಕಡಿಮೆ, ಮೈಸಿಸ್ ಜಾಸ್ತಿ. ಚಿಪ್ಪಿನಿಂದ ಬರೀ ಮೈಸಿಸ್ ತಿನ್ನತೊಡಗಿದ ಮೇಲೆ, ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜಿಗೆ ಗಟ್ಟಿ ಏರ್‌ಲೈನ್ ಪೈಪ್ ಸಿಕ್ಕಿಸಿ, ಅದರಿಂದ ಚಿಪ್ಪಿನ ಪಕ್ಕದಲ್ಲೇ ಒಂದೊಂದಾಗಿ ಬಿಡಿ. ಕೊನೆಗೆ ನೀರಿನಲ್ಲಿ ತೇಲುವುದನ್ನೂ ಹಿಡಿಯುತ್ತದೆ. ಇದಕ್ಕೆಲ್ಲ ಒಂದರಿಂದ ಮೂರು ವಾರ ಬೇಕು. ದಿನಕ್ಕೆ ಒಂದು ದೊಡ್ಡ ಊಟಕ್ಕಿಂತ ನಾಲ್ಕೈದು ಪುಟ್ಟ ಊಟ ಕೊಡಿ.

ಚಿಪ್ಪನ್ನೂ ಮುಟ್ಟದಿದ್ದರೆ ಜೀವಂತ ಆರ್ಟೀಮಿಯ (ಸಿಗಡಿಯಂಥ ಪುಟ್ಟ ಜೀವಿ) ಪ್ರಯತ್ನಿಸಿ. ಅಲುಗಾಡುವುದನ್ನು ಕಂಡರೆ ಅನೇಕ ಮೀನುಗಳು ತಡೆದುಕೊಳ್ಳಲಾರವು. ಮನೆಯಲ್ಲೇ ಮರಿ ಮಾಡಿಸಲು ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಟೀ ಚಮಚ ಆರ್ಟೀಮಿಯ ಮೊಟ್ಟೆ, ಜೋರಾದ ಗಾಳಿ, 27 ಡಿಗ್ರಿ ಮತ್ತು ಬೆಳಕು ಬೇಕು. 24 ಗಂಟೆಯ ಹೊತ್ತಿಗೆ ಮರಿಗಳು ಹೊರಬರುತ್ತವೆ. ಗಾಳಿ ನಿಲ್ಲಿಸಿದರೆ ಖಾಲಿ ಕವಚ ಮೇಲೆ ತೇಲುತ್ತದೆ. ತಳದಲ್ಲಿ ಟಾರ್ಚ್ ಹಿಡಿದರೆ ಮರಿಗಳು ಅಲ್ಲಿಗೆ ಸೇರುತ್ತವೆ, ಪೈಪಿನಿಂದ ಎಳೆದುಕೊಳ್ಳಿ. ಬೆಳೆದ ಆರ್ಟೀಮಿಯ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಪೋಷಕಾಂಶ ಕಡಿಮೆ, ರುಚಿ ಹಿಡಿಸಲಿಕ್ಕಷ್ಟೇ. ಅಂಗಡಿಯ ಜೀವಂತ ಟ್ಯೂಬಿಫೆಕ್ಸ್ ಹುಳು ಕೊಳಚೆ ನೀರಿನಲ್ಲಿ ಬೆಳೆದದ್ದಾಗಿರಬಹುದು, ಅದರಿಂದ ದೂರವಿರಿ. ಬೆಳ್ಳುಳ್ಳಿ ರಸದಲ್ಲಿ ಫುಡ್ ನೆನೆಸುವುದನ್ನು ಹಲವರು ಹೇಳುತ್ತಾರೆ. ವಾಸನೆಗೆ ಕೆಲವು ಮೀನು ಬರುತ್ತವೆ, ಒಂದೆರಡು ಹನಿಯಿಂದ ನಷ್ಟವಿಲ್ಲ; ಅದು ಇಕ್ ವಾಸಿಮಾಡುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ.

ಮುಖ್ಯ ಟ್ಯಾಂಕಿನಲ್ಲಿ ಐಪ್ಟೇಸಿಯ (ಕಳೆಯಂತೆ ಹಬ್ಬುವ ಅನಿಮೋನ್) ಬೆಳೆದ ಕಲ್ಲಿದ್ದರೆ, ಅದರ ಜೊತೆ ಇಕ್ ಬರುವ ಭಯವಿಲ್ಲ ಎಂದು ಖಾತ್ರಿಯಿದ್ದರೆ, ಅದನ್ನೂ ತಂದಿಡಿ. ಎಲ್ಲರೂ ಶಾಪ ಹಾಕುವ ಆ ಕಳೆಯನ್ನು ಎಲ್ಲ ಕಾಪರ್‌ಬ್ಯಾಂಡ್‌ಗಳೂ ತಿನ್ನುವುದಿಲ್ಲ. ತಿನ್ನುವಂಥದ್ದು ಸಿಕ್ಕರೆ ಎರಡೂ ಸಮಸ್ಯೆ ಒಟ್ಟಿಗೆ ಮುಗಿಯುತ್ತವೆ.

ಬೇರೆ ಮೀನುಗಳಿಗೆ

ಟ್ಯಾಂಗ್‌ಗೆ ಉಪ್ಪು, ಎಣ್ಣೆ, ಮಸಾಲೆ ಇಲ್ಲದ ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯನ್ನು ಕ್ಲಿಪ್‌ಗಿಂತ ಮೊದಲು ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ; ಸಮುದ್ರದಲ್ಲಿ ಅದು ಕಲ್ಲಿನಿಂದಲೇ ಮೇಯುವುದು. ಲಯನ್‌ಫಿಶ್‌ಗೆ ಸತ್ತ ಮೀನಿನ ತುಂಡನ್ನು ಪಾರದರ್ಶಕ ಕಡ್ಡಿಯ ತುದಿಗೆ ಸಿಕ್ಕಿಸಿ ಮೂತಿಯ ಮುಂದೆ ಅಲುಗಾಡಿಸಿ. ಗೋಲ್ಡ್‌ಫಿಶ್ ಮರಿಗಳನ್ನು ಕೊಡಬೇಡಿ, ಅವುಗಳಲ್ಲೂ ತಯಾಮಿನೇಸ್ ಇದೆ. ಮ್ಯಾಂಡರಿನ್ ಕೋಪೆಪಾಡ್ ಎಂಬ ಅತಿ ಸಣ್ಣ ಜೀವಿಗಳನ್ನೇ ನಂಬಿದ ಮೀನು. ಹೊಸ ಟ್ಯಾಂಕಿನಲ್ಲಿ ಅದು ಹಸಿದು ಸಾಯುವುದಕ್ಕೆ ಔಷಧಿಯಿಲ್ಲ, ಕೊಳ್ಳದಿರುವುದೇ ದಾರಿ. ಚೆನ್ನಾಗಿ ತಿಂದರೂ ಸೊರಗುತ್ತಾ, ಬಿಳಿ ದಾರದಂಥ ಹಿಕ್ಕೆ ಹಾಕುವ ಮೀನಿಗೆ ಹೊಟ್ಟೆಯೊಳಗಿನ ಪರಾವಲಂಬಿ ಇರಬಹುದು. ಆಗ ಮೀನು ಬಲ್ಲ ಪಶುವೈದ್ಯರನ್ನು ಕೇಳಿ ಮೆಟ್ರೊನಿಡಜೋಲ್ ಬೆರೆಸಿದ ಫುಡ್ ಕೊಡಿ.

ಮುಖ್ಯ ಟ್ಯಾಂಕಿಗೆ ದಾಟಿಸಲು ಅವಸರ ಬೇಡ. ಬೆನ್ನು ತುಂಬಿ, ತೇಲುವ ಮೈಸಿಸ್ ಅನ್ನು ದಿನಕ್ಕೆ ಮೂರು ಸಲ ತಡವಿಲ್ಲದೆ ಹಿಡಿಯುವವರೆಗೆ ಕಾಯಿರಿ. ಆಮೇಲೂ ಮೂರು ನಾಲ್ಕು ದಿನ ತೂತುಗಳಿರುವ ಪಾರದರ್ಶಕ ಡಬ್ಬಿಯನ್ನು ಟ್ಯಾಂಕಿನೊಳಗೇ ಕಟ್ಟಿ, ಅದರಲ್ಲಿ ಬಿಟ್ಟು, ಅಲ್ಲೇ ಸಿರಿಂಜಿನಿಂದ ತಿನ್ನಿಸಿ. ಬಿಡುವ ದಿನ ಉಳಿದ ಮೀನುಗಳಿಗೆ ಮೊದಲು ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿದ ಮೇಲೆ ಡಬ್ಬಿಯ ಬಾಯಿ ತೆರೆಯಿರಿ. ಮರುದಿನ ಬೆಳಿಗ್ಗೆ ಅದಕ್ಕೆ ಪರಿಚಯವಿರುವ ಅದೇ ಚಿಪ್ಪನ್ನು ಟ್ಯಾಂಗ್ ಇರುವ ಮೂಲೆಯಿಂದ ದೂರದಲ್ಲಿ ಇಡಿ.