ಕವಳ ಉಗಿದು ಬಾ ಅಪ್ಪಯ್ಯ: ಮನೆಯಲ್ಲಿ ಹಿರಿಯರ ಬಿಪಿ ನೋಡುವ ಕ್ರಮ

ಹೋದ ಮಳೆಗಾಲದಲ್ಲಿ ಅಮ್ಮ ಬೆಳಗಿನ ಜಾವ ಬಚ್ಚಲಿಗೆ ಹೋಗಲೆಂದು ಎದ್ದವಳು ಬಾಗಿಲ ಹತ್ತಿರವೇ ಕುಸಿದಳು. ಮೂಳೆ ಮುರಿಯಲಿಲ್ಲ, ಹಣೆಗೆ ಮೂರು ಹೊಲಿಗೆ ಬಿತ್ತು. ಅದಕ್ಕೆ ಹತ್ತು ದಿನ ಮೊದಲು ಪೇಟೆಯ ಕ್ಲಿನಿಕ್ಕೊಂದರಲ್ಲಿ ಅವಳ ಬಿಪಿಯ ಮೇಲಿನ ಅಂಕಿ 178 ಬಂದು ಮಾತ್ರೆಯ ಡೋಸ್ ಹೆಚ್ಚಾಗಿತ್ತು. ಬಸ್ಸಿಳಿದು ಮಹಡಿ ಹತ್ತಿ ಬಂದ ಏದುಸಿರು ಆರಿರಲಿಲ್ಲ. ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂರಿಸಿ, ಸ್ವೆಟರಿನ ಮೇಲೇ ಪಟ್ಟಿ ಸುತ್ತಿ, ಒಂದೇ ಸಲ ನೋಡಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಇನ್ನೊಮ್ಮೆ ನೋಡಿ ಎನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಂದಿನಿಂದ ಅಮ್ಮ (76), ಅಪ್ಪಯ್ಯ (82) ಇಬ್ಬರ ಬಿಪಿಯನ್ನೂ ಮನೆಯಲ್ಲಿ ನಾನೇ ನೋಡಿ ಬರೆದಿಡುತ್ತೇನೆ.

ಮಷಿನ್ ರಟ್ಟೆಗೆ ಸುತ್ತುವಂಥದ್ದೇ ಇರಲಿ, ಮಣಿಕಟ್ಟಿನದು ಬೇಡ. ಕೊಳ್ಳುವ ಮೊದಲು ಟೈಲರ್ ಟೇಪಿನಲ್ಲಿ ರಟ್ಟೆಯ ಸುತ್ತಳತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಮಷಿನ್ ಜೊತೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ರಟ್ಟೆಗೆ ಸರಿಹೋಗುತ್ತದೆ. ಅಮ್ಮನದು 34. ದಪ್ಪ ರಟ್ಟೆಗೆ ಚಿಕ್ಕ ಪಟ್ಟಿ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಿದೆ. ಒಮ್ಮೆ ಮಷಿನನ್ನೂ ಡಾಕ್ಟರ ಬಳಿ ಒಯ್ದು ಅವರದರ ಜೊತೆ ತಾಳೆ ನೋಡಿ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೂ ಮಾತ್ರೆಗೂ ಮೊದಲು ನೋಡುವುದು ಒಳ್ಳೆಯದು. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ, ಬೀಡಿ ಯಾವುದೂ ಬೇಡ. ನಮ್ಮ ಮನೆಯಲ್ಲಿ ಕಷ್ಟವಾದದ್ದು ಕವಳದ್ದು. ಅಪ್ಪಯ್ಯನ ಕವಳದಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪಿನ ಚೂರೂ ಇರುತ್ತದೆ. ಬಾಯಲ್ಲಿ ಕವಳ ಇಟ್ಟುಕೊಂಡೇ ಕೂತ ದಿನ 164 ಬಂತು. ಉಗಿದು, ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದ ಮೇಲೆ 148. ತಂಬಾಕು ರಕ್ತನಾಳವನ್ನು ಬಿಗಿಮಾಡುತ್ತದೆ. ಅದನ್ನು ಬಿಡಿಸಬೇಕೆಂದು ಇನ್ನೂ ಹೇಳುತ್ತಲೇ ಇದ್ದೇನೆ.

ಬೆನ್ನು ಒರಗಿಸುವ ಕುರ್ಚಿಯಲ್ಲಿ ಕೂರಿಸಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಡ, ಕಾಲ ಮೇಲೆ ಕಾಲೂ ಬೇಡ. ಅಮ್ಮ ಗಿಡ್ಡ, ಪಾದ ನೆಲಕ್ಕೆ ಎಟುಕುವುದಿಲ್ಲ, ಅದಕ್ಕೆ ಊಟದ ಮಣೆಯನ್ನೇ ಕಾಲಡಿಗೆ ಇಡುತ್ತೇನೆ. ಕೈಯನ್ನು ಮೇಜಿನ ಮೇಲಿಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಅಡಿಗೊಂದು ದಿಂಬು ಕೊಡಿ. ಬರಿ ರಟ್ಟೆಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಸುತ್ತಿ. ಹೀಗೆ ಐದು ನಿಮಿಷ ಸುಮ್ಮನೆ ಕೂತ ಮೇಲೆಯೇ ಗುಂಡಿ ಒತ್ತಬೇಕು. "ಅಡಿಕೆ ಕೊನೆ ಕೊಯ್ಯೋರು ಬಂದ್ರಾ ನೋಡು" ಎಂದು ಅಪ್ಪಯ್ಯ ನಡುವೆ ಬಾಯಿ ತೆಗೆದರೆ ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಮಾತಾಡಿದರೂ ಬಿಪಿ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಮೊದಲ ದಿನ ಎರಡೂ ಕೈಗಳಲ್ಲಿ ನೋಡಿ, ಯಾವುದರಲ್ಲಿ ಹೆಚ್ಚು ಬಂತೋ ಮುಂದೆ ಆ ಕೈಯನ್ನೇ ಹಿಡಿಯಿರಿ.

ಏಳು ದಿನ ಬೆಳಿಗ್ಗೆ ಎರಡು, ಸಂಜೆ ಎರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ತೋರಿಸಬೇಕು. ಕ್ಲಿನಿಕ್ಕಿನಲ್ಲಾದರೆ ಆ ಗಡಿ 140/90. "ಕೆಳಗಿನದು 70 ಇದೆಯಲ್ಲ, ತೊಂದರೆಯಿಲ್ಲ" ಎನ್ನುವವರು ಬಹಳ. ವಯಸ್ಸಾದಂತೆ ರಕ್ತನಾಳಗಳು ಗಟ್ಟಿಯಾಗಿ ಮೇಲಿನ ಅಂಕಿಯೊಂದೇ ಏರುವುದುಂಟು. ಲಕ್ವಕ್ಕೆ ಅಷ್ಟೇ ಸಾಕು.

ಇನ್ನು, ನಿಲ್ಲಿಸಿ ನೋಡುವುದು. ಹಿರಿಯರ ವಿಷಯದಲ್ಲಿ ಇದನ್ನು ದಯವಿಟ್ಟು ಬಿಡಬೇಡಿ. ಕೂತಾಗಿನ ಬಿಪಿ ಬರೆದುಕೊಂಡು, ಎದ್ದು ನಿಲ್ಲಿಸಿ, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ. ಅಮ್ಮನದು ಕೂತಾಗ 138, ನಿಂತಾಗ 112. ಅಷ್ಟು ದಿನ ಅವಳು "ಕಣ್ಣು ಕತ್ತಲೆ ಬರ್ತದೆ" ಅನ್ನುತ್ತಿದ್ದದ್ದು ಇದಕ್ಕೇ. ಬರೆದಿಟ್ಟ ಪುಸ್ತಕ ಒಯ್ದು ತೋರಿಸಿದಾಗ ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ನಾವಾಗಿ ಕಡಿಮೆ ಮಾಡುವುದು, ನಾರ್ಮಲ್ ಬಂತೆಂದು ನಿಲ್ಲಿಸುವುದು ಎರಡೂ ತಪ್ಪು. ಈಗ ಅಮ್ಮ ರಾತ್ರಿ ಏಳುವಾಗ ಮಂಚದ ಮೇಲೆ ಎರಡು ನಿಮಿಷ ಕೂತು, ಆಮೇಲೆ ಗೋಡೆ ಹಿಡಿದು ನಿಲ್ಲುತ್ತಾಳೆ.

ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಲ್ಲೇ ಮುಳುಗಿ ಕಳಿಯುವ ಅಪ್ಪೆಮಿಡಿ, ಹಪ್ಪಳ, ಮಜ್ಜಿಗೆ ಮೆಣಸು ಎಲ್ಲ ಇದೇ ಲೆಕ್ಕಕ್ಕೆ. ಅಪ್ಪೆಮಿಡಿಯನ್ನು ಪೂರ್ತಿ ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಮಿಡಿಯನ್ನು ನಾಲ್ಕು ಹೋಳು ಮಾಡಿ ನಾಲ್ಕು ದಿನಕ್ಕೆ ಕೊಡುತ್ತೇನೆ, ತಂಬುಳಿಗೆ ಉಪ್ಪನ್ನು ಅರ್ಧ ಹಾಕುತ್ತೇನೆ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಬಿಪಿ ಏರಿಸುತ್ತವೆ.

180/120 ದಾಟಿದರೆ ಗಾಬರಿಯಾಗದೆ, ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಉಬ್ಬಸ, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಮಷಿನ್ ಏನೇ ತೋರಿಸಲಿ, ಎರಡನೆಯ ಸಲಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.