ಪ್ರೆಸೆಂಟ್ ಪರ್ಫೆಕ್ಟೋ, ಸಿಂಪಲ್ ಪಾಸ್ಟೋ: ಆಯ್ಕೆ ಮಾಡುವ ಬಗೆ

ಕನ್ನಡಿಗರು ಇಂಗ್ಲಿಷಿನಲ್ಲಿ ಬರೆಯುವ ಉದ್ಯೋಗದ ಅರ್ಜಿಗಳಲ್ಲಿ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019’ ಎಂಬಂಥ ವಾಕ್ಯ ಆಗಾಗ ಕಾಣಸಿಗುತ್ತದೆ. ‘2019ರಲ್ಲಿ ಪದವಿ ಮುಗಿಸಿದ್ದೇನೆ’ ಎನ್ನುವುದು ಕನ್ನಡದಲ್ಲಿ ಸಹಜವಾಗಿರುವುದರಿಂದ ಬರೆದವರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಇಂಗ್ಲಿಷಿನಲ್ಲಾದರೋ, ಮುಗಿದುಹೋದ ಕಾಲವನ್ನು ಹೆಸರಿಸಿದ ವಾಕ್ಯಕ್ಕೆ ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ‘ಹ್ಯಾವ್’ ಇಲ್ಲವೇ ‘ಹ್ಯಾಸ್’ ಸೇರಿದ ಕ್ರಿಯಾರೂಪ, ಒಗ್ಗುವುದಿಲ್ಲ. ‘ಐ ಕಂಪ್ಲೀಟೆಡ್’ ಎಂದು ‘ಹ್ಯಾವ್’ ಇಲ್ಲದ ಸಿಂಪಲ್ ಪಾಸ್ಟ್‌ನಲ್ಲೇ ಬರೆಯಬೇಕು.

ಆದ್ದರಿಂದ ಕ್ರಿಯಾಪದಕ್ಕೆ ಕೈಹಾಕುವ ಮುನ್ನ ಕಾಲವನ್ನು ಸೂಚಿಸುವ ಪದವನ್ನು ಹುಡುಕಬೇಕು. ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಟೂ ಡೇಸ್ ಅಗೋ’, ಇಲ್ಲವೇ ಕಳೆದುಹೋದ ಇಸವಿ ಇದ್ದರೆ ಅಲ್ಲಿಗೆ ತೀರ್ಮಾನವಾಯಿತು. ‘ವೆನ್’ ಎಂದು ಕೇಳುವ ಪ್ರಶ್ನೆಗೂ ಇದೇ ನಿಯಮ: ‘ವೆನ್ ಡಿಡ್ ಯು ಕಮ್?’ ಎನ್ನಬೇಕೇ ಹೊರತು ‘ವೆನ್ ಹ್ಯಾವ್ ಯು ಕಮ್?’ ಎನ್ನಬಾರದು.

ಕಾಲಸೂಚಕ ಪದವೇ ಇಲ್ಲದಿದ್ದಾಗ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ‘ಕುವೆಂಪು ವನ್ ದ ಜ್ಞಾನಪೀಠ ಇನ್ 1967’ ಎಂಬಲ್ಲಿ ಸಂಗತಿ ಮುಗಿದಿದೆ, ಇಸವಿಯೂ ಇದೆ. ‘ಕನ್ನಡ ರೈಟರ್ಸ್ ಹ್ಯಾವ್ ವನ್ ದ ಜ್ಞಾನಪೀಠ ಏಯ್ಟ್ ಟೈಮ್ಸ್’ ಎಂಬಲ್ಲಿ ಯಾವಾಗ ಎಂಬುದು ಮುಖ್ಯವಲ್ಲ. ಇಂದಿನವರೆಗಿನ ಲೆಕ್ಕವದು, ಮುಂದೆ ಒಂಬತ್ತನೆಯದೂ ಬರಬಹುದು. ಹಾಗೆಯೇ ‘ಐ ಹ್ಯಾವ್ ಲಾಸ್ಟ್ ಮೈ ಕೀಸ್’ ಎಂದವನು ಬಹುಮಟ್ಟಿಗೆ ಇನ್ನೂ ಬಾಗಿಲ ಹೊರಗೇ ನಿಂತಿದ್ದಾನೆ. ‘ಐ ಲಾಸ್ಟ್ ಮೈ ಕೀಸ್’ ಎಂದವನಿಗೆ ಅವು ಆಮೇಲೆ ಸಿಕ್ಕಿರಲೂಬಹುದು.

‘ದಿಸ್ ಮಾರ್ನಿಂಗ್’ ಎಂಬುದು ಗಡಿಯಾರ ನೋಡಿ ಬಳಸಬೇಕಾದ ಮಾತು. ಬೆಳಗಿನ ಹತ್ತು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನಬಹುದು. ಸಂಜೆಯ ಹೊತ್ತಿಗೆ ಬೆಳಗು ಮುಗಿದಿರುವುದರಿಂದ ‘ಐ ಹ್ಯಾಡ್’ ಎಂದರಷ್ಟೇ ಸರಿ.

ಹೆಚ್ಚು ಜನ ಎಡವುವುದು ‘ಫಾರ್’ ಮತ್ತು ‘ಸಿನ್ಸ್’ ಬಂದಾಗ. ‘ಹತ್ತು ವರ್ಷದಿಂದ ಮೈಸೂರಿನಲ್ಲಿದ್ದೇನೆ’ ಎಂಬುದನ್ನು ಹಾಗೆಯೇ ಇಳಿಸಿ ‘ಐ ಆಮ್ ಲಿವಿಂಗ್ ಇನ್ ಮೈಸೂರು ಸಿನ್ಸ್ ಟೆನ್ ಇಯರ್ಸ್’ ಎನ್ನುವವರೇ ಹೆಚ್ಚು. ಅದು ‘ಐ ಹ್ಯಾವ್ ಲಿವ್ಡ್ ಇನ್ ಮೈಸೂರು ಫಾರ್ ಟೆನ್ ಇಯರ್ಸ್’ ಎಂದಾಗಬೇಕು: ಅವಧಿಯ ಉದ್ದಕ್ಕೆ ‘ಫಾರ್’, ಆರಂಭವಾದ ಹೊತ್ತಿಗೆ ‘ಸಿನ್ಸ್’. ಆದರೆ ‘ಫಾರ್’ ಕಂಡಾಕ್ಷಣ ‘ಹ್ಯಾವ್’ ಬರೆಯುವುದೂ ಸಲ್ಲದು. ‘ಐ ಲಿವ್ಡ್ ಇನ್ ಮೈಸೂರು ಫಾರ್ ಟೆನ್ ಇಯರ್ಸ್’ ಶುದ್ಧ ವಾಕ್ಯವೇ, ಆದರೆ ಹೇಳುವವರು ಈಗ ಆ ಊರಿನಲ್ಲಿಲ್ಲ. ಸಂದರ್ಶನದಲ್ಲಿ ಈಗಿನ ಕೆಲಸದ ಬಗ್ಗೆ ಹೇಳುತ್ತ ‘ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದುಬಿಟ್ಟರೆ, ಕೆಲಸ ಬಿಟ್ಟಾಗಿದೆ ಎಂದೇ ಎದುರಿನವರು ತಿಳಿಯುತ್ತಾರೆ.

ಅಮೆರಿಕದವರ ಬಾಯಲ್ಲಿ ‘ಐ ಆಲ್‌ರೆಡಿ ಏಟ್’, ‘ಡಿಡ್ ಯು ಈಟ್ ಯೆಟ್?’ ಎಂಬ ಮಾತುಗಳನ್ನು ಕೇಳಿ ಗಲಿಬಿಲಿಗೊಳ್ಳಬೇಕಾಗಿಲ್ಲ. ಬ್ರಿಟಿಷರು ‘ಹ್ಯಾವ್’ ಬಳಸುವ ಇಂಥ ಕಡೆಗಳಲ್ಲಿ ಅವರಿಗೆ ಸಿಂಪಲ್ ಪಾಸ್ಟ್ ಕೂಡ ಸಹಜ. ನಮ್ಮ ಶಾಲಾ ಪಠ್ಯಗಳು ಬಹುಮಟ್ಟಿಗೆ ಬ್ರಿಟಿಷ್ ರೂಢಿಯನ್ನೇ ಅನುಸರಿಸುವುದರಿಂದ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಆಲ್‌ರೆಡಿ’, ‘ಯೆಟ್’, ‘ಜಸ್ಟ್’ ಇವುಗಳ ಜೊತೆಗೆ ಪ್ರೆಸೆಂಟ್ ಪರ್ಫೆಕ್ಟನ್ನೇ ಬರೆಯುವುದು ಕ್ಷೇಮ.