ಕುಟ್ಟಿದ ಡಬ್ಬ

ಹೊಸನಗರದ ಕಡೆ ನಮಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ನಾವು ಕಥೋಲಿಕ ಕ್ರೈಸ್ತರು. ಮನೆಯಲ್ಲಿ ಆಡುವುದು ಕೊಂಕಣಿ, ಚರ್ಚಿನ ಗುರುಗಳ ಮುಂದೆ ತಪ್ಪುಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆ ಮಾಡುವುದು ಕನ್ನಡದಲ್ಲಿ. ಇಪ್ಪತ್ತು ವರ್ಷಗಳ ಕಾಲ ನಾನು ಗುರುಗಳ ಮುಂದೆ ಮೊಣಕಾಲೂರಿ, "ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ, ಪ್ರಾರ್ಥನೆ ತಪ್ಪಿಸಿದೆ" ಎಂಬ ಮೂರೇ ಮಾತುಗಳನ್ನು ಬಾಲ್ಯದಲ್ಲಿ ಕಲಿತ ಕ್ರಮದಲ್ಲೇ ಒಪ್ಪಿಸಿ ಬರುತ್ತಿದ್ದೆ. ಒಂದು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಹೊಸದಾಗಿ ಬಂದ ಗುರುಗಳು, "ಸುಳ್ಳು ಹೇಳಿದ್ದು ಯಾರಿಗೆ?" ಎಂದು ಕೇಳಿದರು. ನನಗೆ ಒಬ್ಬರ ಹೆಸರೂ ನೆನಪಾಗಲಿಲ್ಲ.

ಲಘು ಪಾಪಗಳನ್ನು ನಿವೇದಿಸಲೇಬೇಕೆಂಬ ಕಟ್ಟಳೆ ಧರ್ಮಸಭೆಯಲ್ಲಿಲ್ಲ. ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕಾದದ್ದು ಮಾರಕ ಪಾಪಗಳನ್ನು, ಎಂದರೆ ತಿಳಿದೂ ತಿಳಿದೂ ಮಾಡಿದ ಗಂಭೀರ ತಪ್ಪುಗಳನ್ನು. ಹಾಗಾಗಿ ಸಣ್ಣವುಗಳ ಬಗ್ಗೆ ನಾನು ಉದಾಸೀನನಾಗಿದ್ದೆ ಎಂದರೆ ತಪ್ಪಲ್ಲ.

ಆ ಗುರುಗಳೇ ನನಗೆ ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರ ಆತ್ಮಪರೀಕ್ಷೆಯ ಕ್ರಮವನ್ನು ಹೇಳಿಕೊಟ್ಟರು. 1548ರಲ್ಲಿ ಮೂರನೆಯ ಪೌಲ್ ಪೋಪರ ಒಪ್ಪಿಗೆ ಪಡೆದ ಅವರ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿರುವಂತೆ, ಒಂದೇ ಒಂದು ದೋಷವನ್ನು ಆರಿಸಿಕೊಂಡು, ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಇನ್ನೊಮ್ಮೆ, ತಪ್ಪಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ತಪ್ಪಿದ ಕ್ಷಣದಲ್ಲಿ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಹತ್ತು ಜನರ ನಡುವೆಯೂ ಅದು ಯಾರಿಗೂ ತಿಳಿಯುವುದಿಲ್ಲ.

ಅಡಿಕೆ ಸುಲಿತದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದೆ. ಮೊದಲು ಸಿಟ್ಟನ್ನು ಆರಿಸಿಕೊಂಡೆ. ಚುಕ್ಕೆಗಳು ಕಡಿಮೆ ಬಿದ್ದವು, ನನಗೂ ಸಮಾಧಾನವಾಯಿತು. ಪುಸ್ತಕ ತಿರುವಿ ಮುಂಭಾಗದ ಲೆಕ್ಕ ನೋಡಿದಾಗಲೇ ನಿಜವಾದದ್ದು ಕಂಡಿತು. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಅಳೆಯುವವನು ನಾನು. ಡಬ್ಬ ತುಂಬಿದ ಮೇಲೆ ಅದನ್ನು ಎತ್ತಿ ಎರಡು ಸಲ ನೆಲಕ್ಕೆ ಕುಟ್ಟುತ್ತಿದ್ದೆ. ಕಾಯಿ ತಗ್ಗುತ್ತಿತ್ತು, ಮೇಲೆ ಇನ್ನೊಂದು ಬೊಗಸೆ ಹಿಡಿಯುತ್ತಿತ್ತು. ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂತೆ ಅಳೆಯುವ ಮಾತು ಲೂಕನ ಶುಭಸಂದೇಶದಲ್ಲಿದೆ, ಆದರೆ ಅದು ಕೊಡುವವರ ಅಳತೆ. ನಾನು ತೆಗೆದುಕೊಳ್ಳುವಾಗ ಜಡಿಯುತ್ತಿದ್ದೆ.

ಸಿಟ್ಟನ್ನು ಬಿಟ್ಟು ಈ ಕುಟ್ಟುವುದನ್ನೇ ಆರಿಸಿಕೊಂಡೆ. ಮೊದಲ ರಾತ್ರಿ ಒಂಬತ್ತು ಚುಕ್ಕೆ ಬಿದ್ದವು. ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಮನಸ್ಸು ಬೇಡವೆಂದರೂ ಡಬ್ಬ ಮೇಲೇಳುತ್ತಿತ್ತು. ಮುಂದಿನ ನಿವೇದನೆಯಲ್ಲಿ ನಾನು ಡಬ್ಬದ ಹೆಸರನ್ನೇ ಹೇಳಿದೆ. ಕ್ಷಮೆ ಸಿಕ್ಕಿತು, ಜೊತೆಗೆ, ಕಸಿದದ್ದನ್ನು ಹಿಂದಿರುಗಿಸಬೇಕೆಂಬ ಮಾತೂ ಬಂತು. ಡಬ್ಬಕ್ಕೊಂದು ಬೊಗಸೆಯಂತೆ ಎರಡು ಕೊಯ್ಲಿನ ಲೆಕ್ಕ ಹಾಕಿ ಹಣ ಕೊಡಲು ಹೋದಾಗ, ಹಿರಿಯಾಕೆ ನಗಲಿಲ್ಲ, ಬೈಯಲೂ ಇಲ್ಲ. "ಕುಟ್ಟೋ ಸದ್ದು ನಮಗೆ ಕೇಳ್ತಿತ್ತಲ್ಲ ಅಣ್ಣ," ಎಂದು ನೋಟುಗಳನ್ನು ಎಣಿಸಿಕೊಂಡರು.

ಈಗ ಡಬ್ಬ ಅಳೆಯುವುದು ಅವರೇ. ಈ ವಾರದ ಗೆರೆಯಲ್ಲಿರುವ ಐದು ಚುಕ್ಕೆಗಳು, ಹಣ ಹಿಂದಿರುಗಿಸಿದ ಸಂಗತಿಯನ್ನು ಕೇಳದವರಿಗೆಲ್ಲ ಹೇಳಿಕೊಂಡು ಬಂದದ್ದಕ್ಕೆ.